ತಂಗಿಗಾಗಿ ಹಾಕಿದ ಬ್ರೇಕು

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಈ ಊರಿನಲ್ಲಿ ಸ್ಟಿಯರಿಂಗ್ ಹಿಡಿದು ಓಡಾಡುವ ಅರ್ಧ ಜನಕ್ಕೆ ಗಾಡಿ ಕಲಿಸಿದವರು ಅವರೇ. ನನಗೂ ಅವರೇ ಕಲಿಸಿದ್ದು. ಕಲಿಸಿ ಮುಗಿಸುವ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿದಿತ್ತು ಎನ್ನುವುದು ಬೇರೆ ಮಾತು. ಕಲಿಯುವವರ ಪಕ್ಕದ ಸೀಟಿನಲ್ಲಿ ಅವರು ಕೂರುತ್ತಿದ್ದರು. ಅವರ ಕಾಲ ಬುಡದಲ್ಲಿ ಅವರಿಗೆಂದೇ ಇನ್ನೊಂದು ಬ್ರೇಕ್ ಪೆಡಲ್. ನಾವು ಹೆದರುವುದಕ್ಕೆ ಮುಂಚೆಯೇ ಅವರು ಹೆದರಿ ಅದನ್ನು ಒತ್ತಿಬಿಡುತ್ತಿದ್ದರು. ಗಾಡಿ ಗಕ್ಕನೆ ನಿಲ್ಲುತ್ತಿತ್ತು. ಆಮೇಲೆ ಅದೇ ಒಂದು ಮಾತು: "ನಿಧಾನಮ್ಮಾ, ನಿಧಾನ."

ಇಡೀ ಆಯುಷ್ಯ ಹಾಗೆ ಕಳೆದವರಿಗೆ ಆ ಕಾಲನ್ನು ಸುಮ್ಮನಿಟ್ಟುಕೊಳ್ಳುವುದೇ ಮರೆತುಹೋಗಿತ್ತು. ಕ್ಷೌರದ ಕುರ್ಚಿಯಲ್ಲಿ ಕೂತಾಗ ಕತ್ತರಿ ಕಿವಿಯ ಹತ್ತಿರ ಬಂದರೆ ಕಾಲು ನೆಲ ಒತ್ತುತ್ತಿತ್ತು. ಬಸ್ಸಿನಲ್ಲಿ ಕೂತರಂತೂ ಪಕ್ಕದವರ ಚಪ್ಪಲಿಗೆ ಉಳಿಗಾಲವಿರಲಿಲ್ಲ. ಬಾಯಿಯೂ ಅಷ್ಟೇ. ನಾನು ಅಂಗಡಿಯಲ್ಲಿ ಏಣಿ ಹತ್ತಿದರೆ ನಿಧಾನ. ಬಿಸಿ ಟೀ ಲೋಟ ಕೈಗೆತ್ತಿಕೊಂಡರೆ ನಿಧಾನ. ನನ್ನ ಮೈದುನ ಮದುವೆ ನಿಶ್ಚಯವಾಯಿತೆಂದು ಹೇಳಲು ಬಂದರೆ, ಅವನಿಗೂ ನಿಧಾನ. "ಮೇಷ್ಟ್ರೇ, ನೀವು ಹುಟ್ಟೋವಾಗಲೂ ಅರ್ಧಕ್ಕೆ ನಿಂತು ಹಿಂದೆ ಮುಂದೆ ನೋಡಿ ಬಂದಿರಬೇಕು" ಎಂದು ನಾನು ರೇಗಿಸುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಅದನ್ನೂ ನಿಧಾನವಾಗಿ ಯೋಚಿಸಿ, ನಾನು ಇನ್ನೊಬ್ಬ ಗಿರಾಕಿಯ ಜೊತೆ ಮಾತಾಡುವಾಗ ನಗುತ್ತಿದ್ದರು.

ನನ್ನದು ಗಾಡಿಗಳ ಬಿಡಿಭಾಗದ ಅಂಗಡಿ. ಅಪ್ಪ ನಡೆಸುತ್ತಿದ್ದರು, ಈಗ ನಾನು. ಬೇರಿಂಗು, ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬೆಲ್ಟು. ಗ್ರೀಸು ಉಗುರಿನಿಂದ ಹೋಗುವುದಿಲ್ಲ, ಬಾಯಿ ಜೋರಾಗದೆ ವ್ಯಾಪಾರ ಆಗುವುದಿಲ್ಲ. ಎಲ್ಲರೂ ಅಂಗಡಿಯಮ್ಮ ಎನ್ನುತ್ತಾರೆ. ಮನೆಗೆ ಹೋದರೆ ಗಂಡ, ಅತ್ತೆ, ಮಕ್ಕಳು, ಟೀವಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಷ್ಟು ಗಲಾಟೆ. ಮೇಷ್ಟ್ರ ಮನೆಗೆ ಹೋದರೆ ಗಡಿಯಾರ ಒಂದೇ. ಅದಕ್ಕೇ ಅವರು ದಿನಾ ನನ್ನ ಕೌಂಟರಿನ ಮುಂದೆ ಬಂದು ನಿಲ್ಲುತ್ತಿದ್ದರು ಎಂದು ನನಗೆ ಗೊತ್ತಿತ್ತು. ಒಂದು ಬಲ್ಬು ಕೊಳ್ಳುವುದಕ್ಕೆ ಬೆಳಿಗ್ಗೆ ಪೂರ್ತಿ ನಿಲ್ಲುವ ಗಿರಾಕಿಯನ್ನು ಬೇರೆ ಯಾರಾದರೂ ಆಗಿದ್ದರೆ ನಾನು ಎಂದೋ ಓಡಿಸಿರುತ್ತಿದ್ದೆ.

ಅಪ್ಪ ಅಮ್ಮ ಬೇಗ ಹೋದ ಮೇಲೆ ಮೇಷ್ಟ್ರು ತಂಗಿಯನ್ನು ತಾವೇ ಸಾಕಿ ದೊಡ್ಡವಳನ್ನಾಗಿ ಮಾಡಿದ್ದರು. ಮದುವೆ ವಿಷಯ ಬಂದಾಗಲೆಲ್ಲ, ಮೊದಲು ತಂಗಿಯದ್ದಾಗಲಿ, ಆಮೇಲೆ ನೋಡೋಣ ಎಂದರು. ತಂಗಿ ಮದುವೆಯೇ ಬೇಡ ಎಂದಳು. ಇವರದ್ದು ಹಾಗೇ ಉಳಿಯಿತು. ಅವಳು ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿ, ಅದರ ಮುಖ್ಯಸ್ಥೆಯಾಗಿ, ಅಲ್ಲಿಯೇ ನೆಲೆ ನಿಂತಳು. ಇಲ್ಲಿಂದ ಬೆಟ್ಟ ಕಾಣುತ್ತದೆ. ಸಂಜೆ ದೀಪ ಹತ್ತಿದಾಗ ಆಸ್ಪತ್ರೆಯ ಸಾಲು ಕಿಟಕಿಗಳೂ ಕಾಣುತ್ತವೆ. ಮೇಷ್ಟ್ರು ಆ ಕಡೆ ಮುಖ ಮಾಡಿ ನಿಂತಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಅವಘಡವಾಗಿತ್ತು. ರಜೆಗೆ ಅವಳನ್ನು ಕರೆತರಲು ಮೇಷ್ಟ್ರು ಸ್ಕೂಲಿನ ಕಾರು ತೆಗೆದುಕೊಂಡು ಹೋಗಿದ್ದರು. ಬೆಟ್ಟದ ಇಳಿಜಾರು ಸಾಮಾನ್ಯದ್ದಲ್ಲ, ತಿರುವಿನ ಮೇಲೆ ತಿರುವು. ಅರ್ಧ ದಾರಿ ಇಳಿಯುವಷ್ಟರಲ್ಲಿ ಬ್ರೇಕ್ ಆಯಿಲ್ ಕುದ್ದುಹೋಯಿತು. ಹಳೆಯ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ. ಕಾವು ಏರಿದಾಗ ಅದು ಕುದಿದು ಗುಳ್ಳೆಯೆದ್ದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮೇಷ್ಟ್ರು ಕಾರನ್ನು ಗುಡ್ಡದ ಮಣ್ಣಿಗೆ ಒರಗಿಸಿ ನಿಲ್ಲಿಸಿದರು. ಜೀವಕ್ಕೆ ಏನೂ ಆಗಲಿಲ್ಲ, ತಂಗಿಯ ಮುಂದಿನ ಹಲ್ಲೊಂದು ಮುರಿಯಿತು. ಆಯಿಲ್ ಬದಲಾಯಿಸುವುದನ್ನು ಮುಂದಕ್ಕೆ ಹಾಕಿದ್ದು ತಾನೇ ಎಂದು ಅವರಿಗೆ ಅದು ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಮನೆಗೆ ಬಾ ಎಂದು ಕರೆದಾಗಲೆಲ್ಲ ತಂಗಿ ನಗುತ್ತಾ ಒಂದೇ ಮಾತು ಹೇಳುತ್ತಿದ್ದಳಂತೆ: "ಆ ಇಳಿಜಾರಲ್ಲಿ ನಿನ್ನ ಕಾರಲ್ಲಿ ಇಳಿಯೋ ಧೈರ್ಯ ನನಗಿಲ್ಲಪ್ಪ. ನೀನೇ ಬಂದು ಹೋಗು."

ಅವರು ಹೋಗಿ ಬರುತ್ತಿದ್ದರು, ಬಸ್ಸಿನಲ್ಲಿ. ಮಧ್ಯಾಹ್ನ ಹೋಗಿ, ಅವಳ ಕೆಲಸದ ನಡುವೆ ಒಂದಿಷ್ಟು ಹೊತ್ತು ಕೂತು, ಕತ್ತಲಾಗುವ ಮೊದಲೇ ಇಳಿದುಬಿಡುತ್ತಿದ್ದರು.

ಕೆಲಸ ಬಿಟ್ಟ ಮೇಲೆ ಒಂದು ದಿನ ಮೇಷ್ಟ್ರು ನನ್ನ ಅಂಗಡಿಯ ಮುಂದೆ ಒಂದು ಕಾರು ತಂದು ನಿಲ್ಲಿಸಿದರು. ಸೆಕೆಂಡ್ ಹ್ಯಾಂಡು. ಈ ಮನುಷ್ಯ ಕೊಂಡರೆ ಡಬ್ಬದಂಥದ್ದೊಂದು ಕೊಂಡಾರು ಎಂದುಕೊಂಡಿದ್ದ ನಾನು ಬಾಯಿ ತೆರೆದು ನಿಂತೆ. ಕಡುನೀಲಿ ಬಣ್ಣದ ಸ್ಪೋರ್ಟಿ ಸೆಡಾನು. ನೆಲಕ್ಕೆ ಅಂಟಿಕೊಂಡ ಹಾಗಿದೆ, ಡಿಕ್ಕಿಯ ಮೇಲೆ ಸಣ್ಣದೊಂದು ರೆಕ್ಕೆ ಬೇರೆ. ಸ್ಟಾರ್ಟ್ ಮಾಡಿದರೆ ಗುರ್ರೆನ್ನುತ್ತದೆ.

"ಏನ್ ಮೇಷ್ಟ್ರೇ, ಈಗ ಪ್ರಾಯ ಬಂತಾ?"

"ಎಂಜಿನ್ ನೋಡಿ ತಗೊಂಡಿದ್ದಲ್ಲ" ಎಂದರು ಅವರು, ಬಹಳ ಗಂಭೀರವಾಗಿ. "ಈ ಗಾಡಿಗೆ ದೊಡ್ಡ ಬ್ರೇಕ್ ಹಾಕೋಕೆ ಜಾಗ ಇದೆ. ಬೇರೆ ಯಾವುದಕ್ಕೂ ಇಲ್ಲ. ಎಲ್ಲಾ ವಿಚಾರಿಸಿದೆ."

ಓಡುವ ಕಾರನ್ನು ನಿಲ್ಲಿಸುವುದಕ್ಕೆಂದು ಕೊಂಡ ಮನುಷ್ಯನನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವರ ಲೆಕ್ಕಾಚಾರ ಇಷ್ಟೇ: ತಂಗಿಗೆ ಇನ್ನು ಸ್ವಲ್ಪ ದಿನಕ್ಕೆ ನಿವೃತ್ತಿ. ಆಸ್ಪತ್ರೆ ಕೊಟ್ಟ ಮನೆ ಬಿಡಬೇಕು. ಅವಳು ಬಂದು ತನ್ನ ಜೊತೆ ಇರಬೇಕು. ಅವಳಿಗೆ ಇರುವ ಅಡ್ಡಿ ಒಂದೇ, ಬ್ರೇಕು. ಬ್ರೇಕು ಸರಿಯಾದರೆ ಅವಳು ಬರುತ್ತಾಳೆ.

"ಬಸ್ಸಿದೆಯಲ್ಲ?" ಎಂದೆ.

"ಬಸ್ಸು ಅವಳಿಗೆ ಆಗಿಬರಲ್ಲ. ಚಿಕ್ಕಂದಿನಿಂದಲೂ ವಾಂತಿ."

ಬೇಕಾದ್ದನ್ನೆಲ್ಲ ತರಿಸಿಕೊಟ್ಟೆ. ಮುಂದಿನ ಚಕ್ರಗಳಿಗೆ ಊಟದ ತಟ್ಟೆಗಿಂತ ಅಗಲದ ಡಿಸ್ಕುಗಳು. ಆ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕ್ಯಾಲಿಪರುಗಳು, ಒಂದೊಂದರಲ್ಲೂ ನಾಲ್ಕು ಪಿಸ್ಟನ್ನು. ರಬ್ಬರ್ ಪೈಪಿನ ಬದಲು ಉಕ್ಕಿನ ಹೆಣಿಗೆಯ ಪೈಪು, ಒತ್ತಡಕ್ಕೆ ಉಬ್ಬುವುದಿಲ್ಲ. ಬೇಗ ಕುದಿಯದ ಆಯಿಲ್. ಇಷ್ಟೆಲ್ಲ ಹಳೆಯ ಚಕ್ರದೊಳಗೆ ಹಿಡಿಸದೆ ಚಕ್ರವನ್ನೂ ದೊಡ್ಡದು ಮಾಡಿಸಿದರು. ರೇಸಿನವರು ಹಾಕುವ ಪ್ಯಾಡು ಬೇಕೆಂದು ಹಟ ಹಿಡಿದಾಗ ಮಾತ್ರ ನಾನು ಬೈದೆ. ಅವು ಕಾದ ಮೇಲೇ ಸರಿಯಾಗಿ ಹಿಡಿಯುವಂಥವು, ತಣ್ಣಗಿದ್ದಾಗ ಮೊದಲ ತಿರುವಿನಲ್ಲೇ ಕೈಕೊಡುತ್ತವೆ. ರಸ್ತೆಗೆ ರಸ್ತೆಯದ್ದೇ ಬೇಕು. ಒಂದು ವಾರ ಯೋಚನೆ ಮಾಡಿ ಒಪ್ಪಿದರು.

ಮೆಕ್ಯಾನಿಕ್ಕಿನ ಕೈಗೆ ಕೊಡಿ ಎಂದರೆ ಕೇಳಲಿಲ್ಲ. ತಂಗಿ ಕೂರುವ ಗಾಡಿ, ತಾನೇ ಮಾಡಬೇಕು ಎಂದರು. ಮಾಡಿದರು ಕೂಡ. ಆಮೇಲೆ ಫೋನು ಬಂತು. ಪೆಡಲ್ ಮೆತ್ತಗಿದೆ, ಒದ್ದೆ ಸ್ಪಂಜು ತುಳಿದ ಹಾಗಿದೆ, ಎಷ್ಟು ಆಯಿಲ್ ಹರಿಸಿದರೂ ಗಾಳಿ ಹೋಗುತ್ತಿಲ್ಲ.

ಅಂಗಡಿಗೆ ಬಾಗಿಲೆಳೆದು ಹೋದೆ. ಹೋಗಿ ನೋಡಿದರೆ, ಅಯ್ಯೋ ದೇವರೇ. ಬ್ರೇಕಿನ ಪೈಪಿನಿಂದ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಕೂತು ಕ್ಯಾಲಿಪರಿನ ನಿಪ್ಪಲ್ ಎಂಬ ಸಣ್ಣ ಬಾಯಿಯನ್ನು ಸಡಿಲಿಸಿ ಗಾಳಿ ಬಿಡಬೇಕು. ಇವರು ಪೊರಕೆಯ ಕೋಲನ್ನು ಸೀಟಿಗೂ ಪೆಡಲ್ಲಿಗೂ ನಡುವೆ ಒತ್ತಿ ನಿಲ್ಲಿಸಿ, ಹೊರಗೆ ಓಡಿಬಂದು ನಿಪ್ಪಲ್ ಸಡಿಲಿಸಿ, ಮತ್ತೆ ಒಳಗೆ ಓಡಿ ಕೋಲು ತೆಗೆದು, ಹೀಗೆ ಬೆಳಗಿನಿಂದ ಓಡಾಡುತ್ತಿದ್ದರು. ಅಂಗಿ ಬೆವರಿಗೆ ಮೈಗಂಟಿತ್ತು.

"ಯಾರನ್ನಾದರೂ ಕರೆಯೋಕೆ ಏನಾಗಿತ್ತು ನಿಮಗೆ?"

"ಯಾರನ್ನ ಕರೀಲಿ?"

ನಾನು ಚಕ್ರದ ಬಳಿ ಕೂತು ನೋಡಿದೆ. ನಿಪ್ಪಲ್ ಕೆಳಗಿದೆ! ಎಡಗಡೆಯ ಕ್ಯಾಲಿಪರನ್ನು ಬಲಕ್ಕೆ, ಬಲಗಡೆಯದ್ದನ್ನು ಎಡಕ್ಕೆ ಹಾಕಿದ್ದಾರೆ. ತಲೆ ಚಚ್ಚಿಕೊಂಡೆ.

"ಮೇಷ್ಟ್ರೇ, ಗಾಳಿ ಮೇಲಕ್ಕೆ ತಾನೇ ಹೋಗೋದು? ಬಾಯಿ ಕೆಳಗಿಟ್ಟರೆ ಅದು ಎಲ್ಲಿಂದ ಹೊರಗೆ ಬರಬೇಕು? ವರ್ಷಾನುಗಟ್ಟಲೆ ಹೀಗೇ ಕೋಲಾಟ ಆಡ್ತಿದ್ದರೂ ಪೆಡಲ್ ಗಟ್ಟಿ ಆಗ್ತಿರಲಿಲ್ಲ."

"ತೊಟ್ಟಿಯ ಗಲೀಜು ಕೆಳಗಿನ ನಲ್ಲಿಯಿಂದ ತಾನೇ ಹೋಗೋದು ಅಂದ್ಕೊಂಡೆ" ಎಂದರು ಪೆಚ್ಚಾಗಿ. "ಮುಂದೆ ಅವಳು ಇರುವಾಗ ಆಯಿಲ್ ಬದಲಾಯಿಸೋಕೆ ಸಲೀಸಾಗಲಿ ಅಂತ, ಬೇಕೂಂತಲೇ ಹಾಗೆ ಹಾಕಿದೆ."

ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿದೆವು. ನಾನು ಒಳಗೆ ಕೂತೆ. ಅವರು ಹೊರಗೆ. "ಒತ್ತಿ." "ಒತ್ತಿದೀನಿ." "ಹಿಡೀರಿ." "ಹಿಡಿದಿದೀನಿ." "ಬಿಡಿ." ಒಂದೊಂದು ಚಕ್ರಕ್ಕೂ ಅದೇ ಮಾತು. ಪೆಡಲ್ ಕಲ್ಲಿನಂತೆ ಗಟ್ಟಿಯಾದ ಮೇಲೂ ಅವರು ಒತ್ತಿ ಎನ್ನುತ್ತಲೇ ಇದ್ದರು. ಆ ಮನೆಯಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ಉತ್ತರ ಕೊಟ್ಟು ಎಷ್ಟು ಕಾಲವಾಗಿತ್ತೋ. ಅಂಗಡಿ ಮುಚ್ಚಿ ಬಂದಿದ್ದೆ, ಆದರೂ ಸಾಕು ಎನ್ನಲು ನನಗೆ ಮನಸ್ಸಾಗಲಿಲ್ಲ.

ಕೈ ತೊಳೆಯಲು ಒಳಗೆ ಹೋದಾಗ ತಂಗಿಯ ಕೋಣೆ ತೋರಿಸಿದರು. ಹೊಸ ಸುಣ್ಣ, ಹೊಸ ಹಾಸಿಗೆ. ಮೇಜಿನ ನಾಲ್ಕು ಮೂಲೆಗೂ ರಬ್ಬರ್ ಅಂಟಿಸಿದ್ದರು. ಮಂಚದ ಪಕ್ಕ ಗೋಡೆಗೆ ಹಿಡಿಕೆ, ಬಚ್ಚಲಿನವರೆಗೂ ಅಲ್ಲಲ್ಲಿ ಹಿಡಿಕೆ. ನೆಲಕ್ಕೆ ಜಾರದ ಚಾಪೆ. ಕಿಟಕಿ ಪೂರ್ತಿ ತೆರೆಯದಂತೆ ಒಂದು ಕಬ್ಬಿಣದ ತಡೆ. ಬಿಸಿನೀರಿನ ನಲ್ಲಿಯನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಲು ಬರದಂತೆ ಅದಕ್ಕೂ ಒಂದು ತಡೆ.

"ನಿಮ್ಮ ತಂಗಿಗೆ ಏನಾದರೂ ಕಾಯಿಲೆಯಾ?" ಎಂದು ಕೇಳಿದೆ.

"ಇಲ್ಲ ಇಲ್ಲ, ಗಟ್ಟಿಮುಟ್ಟಾಗಿದಾಳೆ" ಎಂದರು. ಮುಖದಲ್ಲಿ ಏನು ಹೆಮ್ಮೆ!

ಹೊಸ ಪ್ಯಾಡೂ ಹೊಸ ಡಿಸ್ಕೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಪೂರ್ತಿ ನಿಲ್ಲಿಸದೆ ಬಿಟ್ಟು ಮತ್ತೆ ವೇಗ ಹಿಡಿಯಬೇಕು. ಹಾಗೆ ಕೆಲವು ಸಲ ಮಾಡಿ, ಕೊನೆಗೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಬೇಕು. ಜನ್ಮದಲ್ಲಿ ವೇಗವಾಗಿ ಹೋಗದವರು ಇದಕ್ಕಾಗಿ ಹೋದರು. ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿದ್ದಾಳೆ ಎಂದು ಊರವರು ಮಾತಾಡಿಕೊಂಡರು. ನಾನು ಬಿದ್ದೂ ಬಿದ್ದೂ ನಕ್ಕೆ. ಅದು ಮರಳಿನ ಮೂಟೆ. ತಂಗಿಯ ತೂಕದಷ್ಟೇ ಮರಳು ತುಂಬಿ, ಪಕ್ಕದ ಸೀಟಿನಲ್ಲಿ ಕೂರಿಸಿ, ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದರು. ಆ ಮೂಟೆಯ ಜೊತೆ ವಾರ ವಾರ ಬೆಟ್ಟ ಹತ್ತಿ ಇಳಿಯುತ್ತಿದ್ದರು. ಅದರ ಜೊತೆ ಮಾತಾಡುತ್ತಿದ್ದರೋ ಏನೋ, ನಾನು ಕೇಳಲು ಹೋಗಲಿಲ್ಲ.

ತಂಗಿ ಮಾತ್ರ ಇವತ್ತು ನಾಳೆ ಎನ್ನುತ್ತಲೇ ಇದ್ದಳು. ಒಮ್ಮೆ ಶೀತ, ಒಮ್ಮೆ ಒಗೆಯುವ ಯಂತ್ರ ಕೆಟ್ಟಿದೆ, ಒಮ್ಮೆ ಹೊಸಬರಿಗೆ ಕೆಲಸ ಕಲಿಸಬೇಕು. ಮೇಷ್ಟ್ರು ಗಾಡಿಯನ್ನು ಸಿದ್ಧವಾಗಿಟ್ಟುಕೊಂಡು ಕಾದರು. ನಿಂತಲ್ಲೇ ನಿಂತ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಬಂದರೆ ಒಂದು ಸುತ್ತು ಓಡಿಸಿ ಉಜ್ಜಿ ತೆಗೆಯುತ್ತಿದ್ದರು. ಪ್ಯಾಡು ಎಷ್ಟು ಸವೆದಿದೆ ಎಂದು ಅಳೆಯುತ್ತಿದ್ದರು. ಹಿಂದಿನ ಚಕ್ರಗಳ ಬ್ರೇಕಿನ ಪಿನ್ನುಗಳನ್ನು ಒರೆಸಿ ಗ್ರೀಸು ಹಚ್ಚುತ್ತಿದ್ದರು. ತೇವ ಹಿಡಿದಿರಬಹುದು ಎಂದು ಆಯಿಲನ್ನು ಕೆಡುವ ಮೊದಲೇ ಹೊರಗೆ ಚೆಲ್ಲಿ ಹೊಸದು ತುಂಬಿದರು, ಅದೂ ಒಂದಲ್ಲ ಎರಡು ಸಲ. ಎರಡು ಸಲವೂ ಪೆಡಲ್ ಒತ್ತಲು ನಾನೇ ಹೋದೆ. ಎರಡನೇ ಸಲ ನನಗೆ ರೋಸಿಹೋಗಿತ್ತು. "ಬರೋ ಮನಸ್ಸಿದ್ದರೆ ಬರ್ತಾರೆ ಮೇಷ್ಟ್ರೇ, ನೀವ್ಯಾಕೆ ಹೀಗೆ ಜೀವ ತೇಯ್ತೀರಿ" ಎಂದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. "ಒತ್ತಿ" ಎಂದರು.

ಕೊನೆಗೊಂದು ದಿನ ಕೌಂಟರಿಗೆ ಬಂದವರು ನಿಲ್ಲಲೂ ಆಗದೆ ಕೂರಲೂ ಆಗದೆ ಒದ್ದಾಡಿದರು. ತಂಗಿ ಬರುತ್ತೇನೆಂದು ಒಪ್ಪಿದ್ದಳು. ಆದರೆ ಕಾರಿನಲ್ಲಿ ಇನ್ನೊಬ್ಬರು ಇರಬೇಕಂತೆ. ಯಾರಾದರೂ ಸರಿ, ಅಣ್ಣನ ಪರಿಚಯದವರು.

"ಪಾಪ, ಹೆದರಿಕೆ ಅವಳಿಗೆ" ಎಂದರು ಮೇಷ್ಟ್ರು. "ನೀವು ಬರ್ತೀರಾ?"

ಅವರ ಪರಿಚಯದವರು ಎಂದು ಇನ್ಯಾರಿದ್ದರು? ಹೋದೆ.

ತಂಗಿ ಆಸ್ಪತ್ರೆಯ ಹಿಂಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಸಣ್ಣ ಚೀಲ. ಮುಖದಲ್ಲಿ ಅಣ್ಣನದೇ ಮೂಗು, ಅಣ್ಣನದೇ ಗಲ್ಲ, ಆದರೆ ಆಳು ಚುರುಕು. ಅವಳ ಹಿಂದೆ ಬಿಳಿ ಹೊದಿಕೆಗಳು ಸಾಲುಸಾಲಾಗಿ ಒಣಗುತ್ತಿದ್ದವು. ಒಳಗಿನಿಂದ ಹೆಂಗಸರು ಅವಳನ್ನು ಏನೋ ಅಂದು ರೇಗಿಸಿದರು, ಅವಳು ತಿರುಗಿ ಇನ್ನೊಂದು ಅಂದಳು, ಎಲ್ಲರೂ ನಕ್ಕರು. ಅಷ್ಟು ನಗುವ ಹೆಂಗಸು ಕಾರು ಹತ್ತುತ್ತಲೇ ಮೌನವಾದಳು. ಮೇಷ್ಟ್ರು ಅವಳ ಬೆಲ್ಟನ್ನು ತಾವೇ ಎಳೆದು ಹಾಕಿ, ಸರಿಯಾಗಿದೆಯೇ ಎಂದು ಜಗ್ಗಿ ನೋಡಿದರು. "ನಿಧಾನವಾಗಿ ಹೋಗ್ತೀನಿ, ಹೆದರ್ಕೋಬೇಡ" ಎಂದರು. ಹಿಂದಿನ ಸೀಟಿನಲ್ಲಿದ್ದ ನನಗೆ ಅವರ ಕಿವಿಯ ತುದಿ ಕೆಂಪಗಾಗಿದ್ದು ಕಾಣುತ್ತಿತ್ತು.

ಗಾಡಿ ಇಳಿಯತೊಡಗಿತು. ಬ್ರೇಕು ಅಂದರೆ ಬ್ರೇಕು. ಹೆಬ್ಬೆರಳಷ್ಟು ಒತ್ತಿದರೆ ಸಾಕು, ಯಾರೋ ಹಿಂದಿನಿಂದ ಮೆಲ್ಲಗೆ ಹಿಡಿದುಕೊಂಡ ಹಾಗೆ ನಿಧಾನವಾಗುತ್ತಿತ್ತು. ಪ್ರತಿ ತಿರುವಿನಲ್ಲೂ ಮೇಷ್ಟ್ರು ತಂಗಿಯ ಮುಖ ನೋಡುತ್ತಿದ್ದರು. ನೋಡಿದೆಯಾ, ಹಿಡಿಯಿತಾ, ಎನ್ನುವ ಹಾಗೆ. ಅದನ್ನು ತೋರಿಸುವ ಸಂಭ್ರಮದಲ್ಲಿ ಅವರು ಒಂದು ತಪ್ಪು ಮಾಡುತ್ತಿದ್ದರು. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು ಎಂದು ಊರಿಗೆಲ್ಲ ಕಲಿಸಿದವರು, ಅವತ್ತು ನಾಲ್ಕನೇ ಗೇರಿನಲ್ಲೇ ಬರೀ ಬ್ರೇಕಿನ ಮೇಲೆ ಇಳಿಸುತ್ತಿದ್ದರು. ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ತಂಗಿಯೇ ಹೇಳಿದಳು, ಕಿಟಕಿಯಾಚೆ ನೋಡುತ್ತಾ, ತೀರಾ ಸಹಜವಾಗಿ.

"ಎರಡನೇ ಗೇರಿಗೆ ಹಾಕು ಅಣ್ಣ. ಬ್ರೇಕ್ ಕಾದಿರತ್ತೆ. ಮುಂದಿನ ತಿರುವಲ್ಲಿ ರಸ್ತೆ ಹೊರಗಡೆಗೆ ವಾಲತ್ತೆ, ಒಳಗಡೆಯಿಂದ ತಗೋ."

ಮೇಷ್ಟ್ರು ಗೇರು ಇಳಿಸಿದರು. ತಿರುವು ದಾಟಿತು. ರಸ್ತೆ ಅಗಲವಾದ ಕಡೆ ಗಾಡಿಯನ್ನು ಬದಿಗೆ ನಿಲ್ಲಿಸಿದರು. ಕಾದ ಪ್ಯಾಡಿನ ವಾಸನೆ ಮೂಗಿಗೆ ಬಡಿಯಿತು.

"ಯಾರು ಕಲಿಸಿದರು ನಿನಗೆ?"

"ಆಂಬುಲೆನ್ಸ್ ಡ್ರೈವರು."

"ಯಾವಾಗ?"

"ಆಗಲೇ ತುಂಬಾ ವರ್ಷ ಆಯ್ತು ಅಣ್ಣ."

"ಲೈಸೆನ್ಸು?"

"ಇದೆ. ಬಟ್ಟೆ ವ್ಯಾನು ನಾನೇ ಓಡಿಸ್ತೀನಿ."

"ಎಲ್ಲಿಗೆ?"

ತಂಗಿ ತಲೆ ತಗ್ಗಿಸಿದಳು. "ಕೆಳಗಿನ ಆಸ್ಪತ್ರೆಗೆ. ಮಾರ್ಕೆಟ್ ಹಿಂದೆ ಇದೆಯಲ್ಲ, ಅಲ್ಲಿಗೆ. ವಾರ ವಾರ."

ಮಾರ್ಕೆಟ್ ಹಿಂದಿನ ಆಸ್ಪತ್ರೆಯಿಂದ ಮೇಷ್ಟ್ರ ಮನೆಗೆ ನಡೆದೇ ಹೋಗಬಹುದು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯ ಮರಳಿನ ಮೂಟೆಗೆ ಬೆಲ್ಟ್ ಹಾಕಿಕೊಂಡು ಬೆಟ್ಟ ಸುತ್ತುತ್ತಿದ್ದರೆ, ಇವಳು ಇದೇ ಇಳಿಜಾರಿನಲ್ಲಿ ವ್ಯಾನು ಓಡಿಸಿಕೊಂಡು ಬಂದು, ಬಟ್ಟೆ ಕೊಟ್ಟು, ಹಾಗೇ ವಾಪಸ್ಸು ಹೋಗುತ್ತಿದ್ದಳು! "ಅಲ್ಲಮ್ಮಾ, ನಿನಗೆ ಕರುಳು ಅನ್ನೋದು ಇದೆಯಾ?" ಎಂದುಬಿಟ್ಟೆ.

"ಇದೆ" ಎಂದಳು ಅವಳು ನನ್ನ ಕಡೆ ತಿರುಗಿ. ಕಣ್ಣಲ್ಲಿ ನೀರು ತುಂಬಿತ್ತು. "ಎಷ್ಟೋ ಸಲ ಇವನ ಬೀದಿ ಕೊನೇಲಿ ವ್ಯಾನ್ ನಿಲ್ಲಿಸಿದೀನಿ. ಗೇಟಿನವರೆಗೂ ಬಂದಿದೀನಿ. ಒಳಗೆ ಹೋಗೋಕೆ ಆಗಿಲ್ಲ. ಹೋದರೆ ಇರು ಅಂತಾನೆ. ಇರಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ಅದಕ್ಕೇ ಬ್ರೇಕಿನ ಕಥೆ ಹೇಳ್ತಿದ್ದೆ. ಇವನು ಹೋಗಿ ಇಷ್ಟು ಒಳ್ಳೆ ಬ್ರೇಕ್ ಹಾಕಿಸ್ಕೊಂಡು ಬಂದಿದಾನೆ. ಇನ್ನು ಏನಂತ ಹೇಳಲಿ? ಒಬ್ಬಳೇ ಇದ್ದರೆ ಬಾಯಿ ಬಿಡೋಕೆ ಆಗಲ್ಲ ಅಂತಲೇ ಇನ್ನೊಬ್ಬರು ಬೇಕು ಅಂದೆ."

ಮೇಷ್ಟ್ರು ಡಿಸ್ಕು ತಣ್ಣಗಾಗುವವರೆಗೂ ಕಾದು, ಎರಡನೇ ಗೇರಿನಲ್ಲಿ ಕೆಳಗಿಳಿಸಿದರು.

ಮನೆ ಮುಂದೆ ನಿಲ್ಲಿಸಿ, "ಒಂದ್ಸಲ ನೋಡಿಯಾದರೂ ಹೋಗು" ಎಂದರು. ತಂಗಿ ಒಳಗೆ ಬಂದಳು. ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಮೇಜಿನ ಮೂಲೆಯ ರಬ್ಬರನ್ನು ಬೆರಳಿನಿಂದ ಒತ್ತಿದಳು. ಕಿಟಕಿ ತೆರೆಯಲು ಹೋದಳು, ಅದು ಅರ್ಧಕ್ಕೆ ನಿಂತಿತು. ನನಗೆ ಅವಳ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿದುಹೋಯಿತು. ಆ ಕೋಣೆಯಲ್ಲಿ ನಾನಾಗಿದ್ದರೆ ಒಂದು ರಾತ್ರಿಯೂ ಮಲಗುತ್ತಿರಲಿಲ್ಲ.

"ಏನು ಬದಲಾಯಿಸಬೇಕು ಹೇಳು" ಎಂದರು ಮೇಷ್ಟ್ರು. "ತೆಗೀಬೇಕು ಅಂದರೆ ಎಲ್ಲಾ ತೆಗೆದುಬಿಡ್ತೀನಿ. ಹಿಡಿಕೆ, ಚಾಪೆ, ಎಲ್ಲಾ."

ತಂಗಿ ಅಣ್ಣನ ಎರಡೂ ಕೈ ಹಿಡಿದುಕೊಂಡಳು.

"ಹಿಡಿಕೆ ತೆಗೀತೀಯ. ನೀನು ಇರ್ತೀಯಲ್ಲ ಅಣ್ಣ. ಚಿಕ್ಕವಳಾಗಿದ್ದಾಗ ಸೈಕಲ್ ಕೇಳಿದೆ, ನಿಧಾನ ಅಂದೆ. ಊರಿಗೆಲ್ಲ ಕಾರ್ ಕಲಿಸಿದೆ, ನನಗೂ ಕಲಿಸು ಅಂದರೆ ನಿಧಾನ ಅಂದೆ. ಒಬ್ಬ ಇಷ್ಟ ಆಗಿದ್ದ, ನಿನಗೆ ನೆನಪಿದೆಯೋ ಇಲ್ವೋ. ಅವನು ಕಾದು ಕಾದು ಬೇರೆ ಮದುವೆ ಆದ. ನೀನು ಕೆಟ್ಟವನಲ್ಲ. ನನ್ನ ಜೀವ ಕಾಯ್ದವನು. ನನಗೆ ನಿನ್ನ ಮೇಲೆ ಪ್ರೀತಿ ಇದೆ. ದಿನಾ ಬೆಳಿಗ್ಗೆ ಎದ್ದು ನಿನ್ನ ಮುಖ ನೋಡುವಷ್ಟು ಇಲ್ಲ."

ಗಡಿಯಾರದ ಸದ್ದು ಕೇಳಿಸುತ್ತಿತ್ತು. ನಾನು ಕಾಲ್ಬೆರಳು ನೋಡಿಕೊಂಡು ನಿಂತಿದ್ದೆ. ಎಲ್ಲಾದರೂ ಓಡಿಹೋಗೋಣ ಎನಿಸುತ್ತಿತ್ತು.

"ಎಲ್ಲಿರ್ತೀಯ ಹಾಗಾದರೆ?" ಎಂದು ಕೇಳಿದರು ಮೇಷ್ಟ್ರು.

"ಮೇಲೇನೇ. ಒಗೆಯೋ ಕೆಲಸದವರು ಮೂವರು ಸೇರಿ ಒಂದು ಮನೆ ಮಾಡ್ಕೊಂಡಿದೀವಿ. ಭಾನುವಾರ ಊಟಕ್ಕೆ ಬಾ."

"ಕರ್ಕೊಂಡು ಹೋಗಿ ಬಿಡ್ತೀನಿ ನಡಿ."

"ಬೇಡ. ಬಸ್ಸಿಗೆ ಹೋಗ್ತೀನಿ."

"ನಿನಗೆ ಬಸ್ಸಲ್ಲಿ..." ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು.

ನಿಲ್ದಾಣದವರೆಗೆ ಮೂವರೂ ನಡೆದೇ ಹೋದೆವು. ತಂಗಿ ಕಿಟಕಿಯ ಪಕ್ಕ ಕೂತು ಕೈ ಬೀಸಿದಳು. ಮೇಷ್ಟ್ರೂ ಬೀಸಿದರು. ಬಸ್ಸು ತಿರುಗಿ ಮರೆಯಾದ ಮೇಲೂ ಅವರ ಕೈ ಮೇಲೇ ಇತ್ತು. ನಾನೇ ಹಿಡಿದು ಇಳಿಸಿದೆ.

ವಾಪಸ್ಸು ಬರುವಾಗ ಅವರು ನನ್ನ ಅಂಗಡಿಯ ಮುಂದೆ ನಿಂತರು. "ನಿಮಗೂ ನಾನು ಹಾಗೇ ಅನಿಸ್ತೀನಾ?" ಎಂದು ಕೇಳಿದರು.

ಮಾಲಿನ ವಿಷಯದಲ್ಲಿ ನಾನು ಸುಳ್ಳು ಹೇಳಿದವಳಲ್ಲ. ಅವತ್ತು ಒಂದು ಸುಳ್ಳು ಹೇಳಿಬಿಡೋಣ ಎನಿಸಿತು. ಆದರೆ ಇಷ್ಟು ವರ್ಷ ಎಲ್ಲರೂ ಅವರಿಗೆ ಹೇಳಿದ್ದು ಸುಳ್ಳನ್ನೇ ಅಲ್ಲವೇ.

"ಹೌದು ಮೇಷ್ಟ್ರೇ" ಎಂದೆ.

ಅವರು ತಲೆಯಾಡಿಸಿದರು. ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟರು. ಎರಡು ಹೆಜ್ಜೆ ಮನೆ ಕಡೆ ಇಟ್ಟು ಮತ್ತೆ ತಿರುಗಿದರು.

"ಆ ಕೋಣೆ ಬಾಡಿಗೆಗೆ ಕೊಡೋಣ ಅಂತಿದೀನಿ. ನಿಮ್ಮ ಅಂಗಡಿಗೆ ಬರೋರಲ್ಲಿ ಯಾರಾದರೂ ಇದ್ದರೆ ಹೇಳಿ. ಅವಸರದ ಮನುಷ್ಯರಾದರೂ ಅಡ್ಡಿಯಿಲ್ಲ."